ಅರ್ಜಿ ಹಾಕಿದ ಮೇಲೆ ಬರುವ ಫೋನು, ಬಾರದ ಫೋನು

ಹೊಸಪೇಟೆಯಲ್ಲಿ ಬಿಕಾಂ, ಬಿಬಿಎ ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ಅದರ ಜೊತೆಗೇ ಅಂಟಿಕೊಂಡು ಬಂದ ಇನ್ನೊಂದು ಕೆಲಸವಿದೆ. ಡಿಗ್ರಿ ಮುಗಿಸಿ ಎಂಬಿಎಗೆ ಅರ್ಜಿ ಹಾಕಿದವರ ಪಕ್ಕದಲ್ಲಿ ಕೂತು ಆಮೇಲಿನ ಕಾಗದಪತ್ರ ನೋಡುವುದು. ಸಂಡೂರು, ಕಂಪ್ಲಿ, ಹಂಪಿ, ಕಮಲಾಪುರದ ಕಡೆಯಿಂದ ಬರುವ ಈ ಮಕ್ಕಳಲ್ಲಿ ಅನೇಕರು ಮನೆಗೆ ಮೊದಲ ಪದವೀಧರರು. ಪ್ರವೇಶ ಪರೀಕ್ಷೆಗೆ ಹೇಗೆ ಓದಬೇಕೆಂದು ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಅರ್ಜಿ ಕಳಿಸಿದ ದಿನದಿಂದ ಕಾಲೇಜಿನ ಗೇಟು ದಾಟುವ ದಿನದವರೆಗೆ ಅತ್ತ ಕಡೆಯಿಂದ ಬರುವ ಫೋನು, ಮೆಸೇಜು, ಇಮೇಲು, ಹಾಗೆಯೇ ಏನೂ ಬಾರದೆ ಕಳೆಯುವ ವಾರಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ಹೇಳುವವರು ಕಡಿಮೆ. ಒಳ್ಳೆಯ ಅಂಕವಿದ್ದೂ ಸೀಟು ಕಳೆದುಕೊಂಡವರನ್ನು, ದುಡ್ಡು ಕಟ್ಟಬಾರದ ಕಡೆ ಕಟ್ಟಿ ಕೂತವರನ್ನು ನಾನು ಕಂಡದ್ದು ಈ ಅವಧಿಯಲ್ಲೇ. ಅವರಿಗೆ ಎದುರು ಕೂತು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಅರ್ಜಿಯಲ್ಲಿ ಯಾರ ನಂಬರಿದೆ?

ನಮ್ಮ ಕಡೆ ಅರ್ಜಿ ತುಂಬುವುದು ಸೈಬರ್ ಸೆಂಟರಿನಲ್ಲಿ. ಕೊನೆಯ ದಿನ ಗದ್ದಲ ಜಾಸ್ತಿ, ಒಟಿಪಿ ಬೇಗ ಬರಬೇಕು. ಅದಕ್ಕೆ ಅಂಗಡಿಯವರು ತಮ್ಮದೇ ಮೊಬೈಲ್ ನಂಬರು, ತಮ್ಮದೇ ಇಮೇಲ್ ಹಾಕಿಬಿಡುತ್ತಾರೆ. ಮೋಸ ಮಾಡಬೇಕೆಂದಲ್ಲ, ಕೆಲಸ ಮುಗಿಯಲೆಂದು. ಪಾಸ್‌ವರ್ಡು ಅವರ ನೋಟುಬುಕ್ಕಿನ ಯಾವುದೋ ಪುಟದಲ್ಲಿ ಉಳಿಯುತ್ತದೆ. ಆಮೇಲೆ ಇಂಟರ್‌ವ್ಯೂ ದಿನಾಂಕದ ಮೇಲ್ ಆ ಅಂಗಡಿಯ ಇನ್‌ಬಾಕ್ಸಿನಲ್ಲಿ, ಪಾನ್ ಕಾರ್ಡು, ಪಹಣಿಗಳ ನಡುವೆ ಹೂತುಹೋಗುತ್ತದೆ. ಹುಡುಗ ಮನೆಯಲ್ಲಿ, ‘ಇನ್ನೂ ಏನೂ ಬಂದಿಲ್ಲ ಸರ್’ ಅಂತ ಕಾಯುತ್ತಿರುತ್ತಾನೆ.

ಆದ್ದರಿಂದ ಅರ್ಜಿಗೆ ಮುಂಚೆ ಸ್ವಂತ ಹೆಸರಿನ ಇಮೇಲ್ ಒಂದನ್ನು ತೆರೆಯಿರಿ. ಅಪ್ಪನ ಕೀಪ್ಯಾಡ್ ಫೋನಿನ ನಂಬರು ಕೊಡಬೇಡಿ. ಅದು ಹೊಲಕ್ಕೋ ಗಣಿಗೋ ಹೋಗಿರುತ್ತದೆ. ರೀಚಾರ್ಜ್ ಅವಧಿ ಮುಗಿದು ತಿಂಗಳುಗಟ್ಟಲೆ ಬಿಟ್ಟ ಸಿಮ್ಮಿಗೆ ಒಳಬರುವ ಕರೆಯೂ ನಿಂತುಹೋಗುತ್ತದೆ, ಅದು ನೆನಪಿರಲಿ. ಫಲಿತಾಂಶ ಬರುವವರೆಗೆ ನಂಬರು ಬದಲಾಯಿಸಬೇಡಿ. ದಿನಕ್ಕೊಮ್ಮೆ ಸ್ಪ್ಯಾಮ್ ಫೋಲ್ಡರು ತೆರೆದು ನೋಡಿ, ಪ್ರವೇಶ ವಿಭಾಗದವರು ನೂರಾರು ಜನಕ್ಕೆ ಒಟ್ಟಿಗೆ ಕಳಿಸುವ ಮೇಲ್ ಎಷ್ಟೋ ಸಲ ಅಲ್ಲೇ ಬಿದ್ದಿರುತ್ತದೆ.

ದೋಣಿಮಲೈ, ತೋರಣಗಲ್ಲಿನಲ್ಲಿ ಕೆಲಸದಲ್ಲಿದ್ದು ಹೈದರಾಬಾದಿನ ಐಎಸ್‌ಬಿಗೋ ಹೊರದೇಶದ ಶಾಲೆಗಳಿಗೋ ಅರ್ಜಿ ಹಾಕುವವರಿಗೆ ಇನ್ನೊಂದು ಮಾತು. ಶಿಫಾರಸು ಪತ್ರ ಕೇಳಿ ಶಾಲೆಯವರು ನಿಮ್ಮ ಮೇಲಧಿಕಾರಿಗೆ ನೇರವಾಗಿ ಲಿಂಕ್ ಕಳಿಸುತ್ತಾರೆ. ಅದು ಅವರ ಕೈಸೇರಿತೇ ಎಂದು ಕೇಳುವ ಹೊಣೆ ನಿಮ್ಮದು. ‘ಸರ್, ಒಂದು ಮೇಲ್ ಬಂದಿರಬೇಕು, ಸ್ವಲ್ಪ ನೋಡ್ತೀರಾ’ ಎಂದು ಕೇಳಲು ಸಂಕೋಚ ಬೇಡ.

2. ಫೋನು ಮಾಡಿದವರು ಯಾರು, ಅವರಿಗೆ ಏನು ಬೇಕು

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಪಾಠ ಇದು. ಸೀಟಿಗೆ ಪೈಪೋಟಿ ಇರುವ ಸಂಸ್ಥೆ ನಿಮಗೆ ದಿನಾ ಫೋನು ಮಾಡುವುದಿಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ 1973ರಲ್ಲಿ ಶುರುವಾದದ್ದು, ಅಲ್ಲಿಂದ ಯಾರೂ ಫೋನು ಮಾಡಿ ‘ಸೀಟು ಇದೆ ಬಾರಪ್ಪ’ ಅನ್ನುವುದಿಲ್ಲ. ಸಂತೆ ಮುಗಿಯುವ ಹೊತ್ತಿಗೆ ಟೊಮೇಟೊ ಕೂಗಿ ಮಾರುವ ಹಾಗೆ ಬೆನ್ನುಬಿದ್ದು ಕರೆಯುವವರು ಸೀಟು ತುಂಬದವರು. ಕರೆ ಮಾಡಿದ ಮಾತ್ರಕ್ಕೆ ಕಾಲೇಜು ಕೆಟ್ಟದ್ದೆಂದು ಅರ್ಥವಲ್ಲ. ಆದರೆ ಆ ಕರೆಯನ್ನು ಆಯ್ಕೆಯ ಸುದ್ದಿಯೆಂದು ಹಿಗ್ಗಬೇಡಿ.

ಕಂಪ್ಲಿ ಕಡೆಯ ಭತ್ತ ಬೆಳೆಯುವ ಮನೆಯ ಹುಡುಗಿಯೊಬ್ಬಳು ತಂದೆಯನ್ನು ಕರೆದುಕೊಂಡು ಬಂದಿದ್ದಳು. ಬೆಂಗಳೂರಿನ ಒಂದು ಕಾಲೇಜಿನಿಂದ ‘ಅಡ್ಮಿಷನ್ ಕೌನ್ಸೆಲರ್’ ಎಂದು ಹೇಳಿಕೊಂಡವರು ಬೆಳಗಿನಿಂದ ಕರೆಯುತ್ತಿದ್ದರು. ಮಾತಾಡುತ್ತಿರುವಾಗಲೇ ಫೋನು ಬಂತು. ಸ್ಪೀಕರಿಗೆ ಹಾಕು ಎಂದೆ.

‘ಮೇಡಂ, ಇವತ್ತು ಸಂಜೆ 5 ಗಂಟೆ ಒಳಗೆ ಸೀಟು ಬ್ಲಾಕ್ ಮಾಡಬೇಕು. ಎರಡೇ ಸೀಟು ಉಳಿದಿರೋದು. 25 ಸಾವಿರ ಹಾಕಿ, ಸ್ಕ್ರೀನ್‌ಶಾಟ್ ಕಳ್ಸಿ.’

ತಂದೆ ಮೆಲ್ಲಗೆ ಕೇಳಿದರು, ‘ಸರ, ಹಾಕಿಬಿಡ್ಲಾ? ಸೀಟು ಹೋದ್ರ ಹೆಂಗ್ರಿ?’

ಹುಡುಗಿಯ ಕೈಯಿಂದ ಫೋನು ಇಸಿದುಕೊಳ್ಳದೆ, ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವಳೇ ಕೇಳಿದಳು. ನಿಮ್ಮ ಹೆಸರೇನು, ನೀವು ಕಾಲೇಜಿನ ಉದ್ಯೋಗಿಯೇ? ಹಣ ಕಟ್ಟಬೇಕಾದ ಖಾತೆ ಕಾಲೇಜಿನ ಹೆಸರಿನಲ್ಲಿದೆಯೇ? ಈಗ ಹೇಳಿದ್ದನ್ನೆಲ್ಲ ಕಾಲೇಜಿನ ಅಧಿಕೃತ ಇಮೇಲಿನಿಂದ ಬರೆದು ಕಳಿಸುತ್ತೀರಾ? ಸೀಟು ಬೇಡವೆಂದರೆ ಹಣ ಯಾವ ನಿಯಮದಂತೆ ವಾಪಸು ಬರುತ್ತದೆ? ಮೊದಲ ಪ್ರಶ್ನೆಗೆ ಹೆಸರು ಬಂತು. ಎರಡನೆಯದಕ್ಕೆ, ‘ನಾವು ಕಾಲೇಜಿನ ಪಾರ್ಟ್‌ನರ್’ ಎಂಬ ಉತ್ತರ. ಮೂರನೆಯದಕ್ಕೆ, ‘ಸರ್ ಹತ್ರ ಕೇಳಿ ಕಾಲ್ ಬ್ಯಾಕ್ ಮಾಡ್ತೀನಿ.’ ಆಮೇಲೆ ಆ ನಂಬರಿನಿಂದ ಕರೆ ಬರಲಿಲ್ಲ. ಕಾಲೇಜಿನ ವೆಬ್‌ಸೈಟಿನಲ್ಲಿದ್ದ ನಂಬರಿಗೆ ನಾವೇ ಮಾಡಿದಾಗ, ಅಲ್ಲಿದ್ದವರು ಅಂಥ ಗಡುವು ಯಾವುದೂ ಇಲ್ಲವೆಂದರು.

ಮಾತು ಮರ್ಯಾದೆಯಿಂದ ಇರಲಿ, ಪ್ರಶ್ನೆ ಮಾತ್ರ ನೇರವಾಗಿರಲಿ. ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟ ಕಾಲೇಜಾದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಖಾಸಗಿ ವಿಶ್ವವಿದ್ಯಾಲಯವಾದರೆ ಯುಜಿಸಿ ಪಟ್ಟಿ ನೋಡಿ. ಎರಡೂ ಆಯಾ ವೆಬ್‌ಸೈಟಿನಲ್ಲಿ ಸಿಗುತ್ತವೆ. ‘ಇವತ್ತೇ’ ಎಂಬ ಮಾತು ಬಾಯಿಮಾತಿನಲ್ಲಿ ಮಾತ್ರ ಇದ್ದರೆ, ಅದನ್ನು ಗಡುವೆಂದು ತಿಳಿಯಬೇಡಿ.

3. ಕೆಇಎ ಕರೆಯುವುದಿಲ್ಲ, ನೀವೇ ಹೋಗಿ ನೋಡಬೇಕು

ನಮ್ಮ ಮಕ್ಕಳಲ್ಲಿ ಹೆಚ್ಚಿನವರ ದಾರಿ ಪಿಜಿಸಿಇಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಈ ಪರೀಕ್ಷೆಯ ರ‍್ಯಾಂಕಿನ ಮೇಲೆ ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯದ ಎಂಬಿಎ ಸೀಟೂ ಸಿಗಬಹುದು, ಬೆಂಗಳೂರಿನದೂ ಸಿಗಬಹುದು. ಇಲ್ಲಿ ಪ್ರವೇಶ ಸಿಬ್ಬಂದಿ ಎಂದರೆ ಒಂದು ವೆಬ್‌ಸೈಟು. ದಾಖಲೆ ಪರಿಶೀಲನೆ, ಆಯ್ಕೆ ನಮೂದು, ಅಣಕು ಹಂಚಿಕೆ, ನಿಜ ಹಂಚಿಕೆ, ಎಲ್ಲದರ ದಿನಾಂಕವೂ ಅಲ್ಲೇ ಬರುತ್ತದೆ, ಅಲ್ಲೇ ಬದಲಾಗುತ್ತದೆ. ಮೆಸೇಜು ಬಂದರೆ ಒಳ್ಳೆಯದು, ಬರುತ್ತದೆಂದು ನಂಬಿ ಕೂರಬೇಡಿ. ಕೆಇಎ ಹೆಸರು ಹೇಳಿ ಸೀಟು ಕೊಡಿಸುತ್ತೇನೆ ಎನ್ನುವ ಫೋನು ಬಂದರೆ ಅಲ್ಲೇ ಇಡಿ.

ಆಯ್ಕೆಗಳನ್ನು ತುಂಬುವಾಗ ‘ಸಿಗುತ್ತೋ ಇಲ್ಲವೋ’ ಎಂದು ಲೆಕ್ಕ ಹಾಕಿ ಕೆಳಗಿನ ಕಾಲೇಜನ್ನು ಮೇಲಕ್ಕೆ ಹಾಕುವವರಿದ್ದಾರೆ. ಬೇಡ. ನಿಮಗೆ ಬೇಕಾದ ಕ್ರಮದಲ್ಲೇ ತುಂಬಿ. ರ‍್ಯಾಂಕು ಸಾಲದಿದ್ದರೆ ಯಂತ್ರ ತಾನಾಗಿ ಕೆಳಗಿನದಕ್ಕೆ ಇಳಿಯುತ್ತದೆ. ಮೇಲೆ ಬರೆಯದೇ ಬಿಟ್ಟದ್ದು ಮಾತ್ರ ಎಷ್ಟು ಒಳ್ಳೆಯ ರ‍್ಯಾಂಕಿದ್ದರೂ ಸಿಗುವುದಿಲ್ಲ.

ಸೀಟು ಹಂಚಿಕೆಯಾದ ಮೇಲೆ ಬರುವ ನಾಲ್ಕು ಆಯ್ಕೆಗಳನ್ನು ಕೂತು ಓದಿ. ಒಂದನೆಯದು, ಈ ಸೀಟು ಸಾಕು, ಸೇರುತ್ತೇನೆ. ಎರಡನೆಯದು, ಇದನ್ನು ಇಟ್ಟುಕೊಂಡೇ ಮೇಲಿನದಕ್ಕೆ ಮುಂದಿನ ಸುತ್ತು ನೋಡುತ್ತೇನೆ. ಮೂರನೆಯದು, ಇದು ಬೇಡ, ಆದರೆ ಮುಂದಿನ ಸುತ್ತಿನಲ್ಲಿರುತ್ತೇನೆ. ನಾಲ್ಕನೆಯದು, ಯಾವುದೂ ಬೇಡ. ಎರಡಕ್ಕೂ ಮೂರಕ್ಕೂ ಓದುವಾಗ ಹೆಚ್ಚು ವ್ಯತ್ಯಾಸ ಕಾಣದು. ಎರಡರಲ್ಲಿ ಮೇಲಿನದು ಸಿಕ್ಕರೆ ಕೆಳಗಿನದು ತಾನಾಗಿ ಬಿಟ್ಟುಹೋಗುತ್ತದೆ, ಸಿಗದಿದ್ದರೆ ಕೈಯಲ್ಲಿದ್ದದ್ದು ಉಳಿಯುತ್ತದೆ. ಮೂರರಲ್ಲಿ ಕೈಯಲ್ಲಿದ್ದದ್ದು ಈಗಲೇ ಹೋಯಿತು. ಮನೆಯಿಂದ ಓಡಾಡಿ ಓದುವುದೊಂದೇ ದಾರಿ ಇರುವ ಹೆಣ್ಣುಮಕ್ಕಳಿಗೆ ಹೊಸಪೇಟೆಯ ಸೀಟು ಹೀಗೆ ತಪ್ಪಿದರೆ ಓದೇ ನಿಂತುಹೋಗುತ್ತದೆ. ಅದಕ್ಕೇ ಆ ಗುಂಡಿ ಒತ್ತುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ ಎನ್ನುತ್ತೇನೆ.

4. 371ಜೆ ಪ್ರಮಾಣಪತ್ರ ಮೊದಲೇ ಕೈಯಲ್ಲಿರಲಿ

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ ನಮ್ಮ ಭಾಗಕ್ಕೆ ಸಿಕ್ಕ ಹಕ್ಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟು ಮೀಸಲು. ಇದು ಗೊತ್ತಿದ್ದೂ ಎಷ್ಟೋ ಜನ ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕಾದ ಅರ್ಹತಾ ಪ್ರಮಾಣಪತ್ರವನ್ನು ದಾಖಲೆ ಪರಿಶೀಲನೆಗೆ ಎರಡು ದಿನ ಇರುವಾಗ ಹುಡುಕಿಕೊಂಡು ಹೋಗುತ್ತಾರೆ.

ಇಲ್ಲಿ ನಮ್ಮ ಊರುಗಳದ್ದೇ ಒಂದು ತೊಡಕಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಆ ಕಡೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿಯಂತೂ ಹಿಂದೆ ಹೊಸಪೇಟೆ ತಾಲ್ಲೂಕಿಗೇ ಸೇರಿತ್ತು, ಈಗ ಸ್ವಂತ ತಾಲ್ಲೂಕು. ಹೀಗಾಗಿ ಹತ್ತನೇ ತರಗತಿಯ ಕಾಗದದಲ್ಲಿ ಒಂದು ಜಿಲ್ಲೆ, ಈಗಿನ ಆಧಾರಿನಲ್ಲಿ ಇನ್ನೊಂದು ಜಿಲ್ಲೆ, ಜಾತಿ ಪ್ರಮಾಣಪತ್ರದಲ್ಲಿ ಹಳೆಯ ತಾಲ್ಲೂಕು ಇರುತ್ತದೆ. ಹೊರರಾಜ್ಯದ ಸಂಸ್ಥೆಯ ಪ್ರವೇಶ ಸಿಬ್ಬಂದಿಗೆ ಇದು ಗೊತ್ತಿರಬೇಕೆಂದಿಲ್ಲ. ‘ವಿಳಾಸ ಹೊಂದಿಕೆಯಾಗುತ್ತಿಲ್ಲ’ ಎಂದು ಬರೆಯುತ್ತಾರೆ. 2021ರಲ್ಲಿ ಜಿಲ್ಲೆ ವಿಭಜನೆಯಾಯಿತು, ಊರು ಅದೇ, ಮನೆ ಅದೇ ಎಂದು ಎರಡು ಸಾಲು ಬರೆದು, ಹಳೆಯದು ಹೊಸದು ಎರಡೂ ದಾಖಲೆ ಒಟ್ಟಿಗೆ ಲಗತ್ತಿಸಿ. ಸಾಕಾಗುತ್ತದೆ.

5. ತಕರಾರಿನ ಮೇಲ್ ಬಂದರೆ ಅದು ಒಳ್ಳೆಯ ಸುದ್ದಿ

ಹೆಸರು ಸರಿಯಿಲ್ಲ, ಫೋಟೊ ಸ್ಪಷ್ಟವಿಲ್ಲ, ಐದನೇ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ತೆರೆಯುತ್ತಿಲ್ಲ ಎಂದು ಮೇಲ್ ಬಂದರೆ ಮಕ್ಕಳ ಮುಖ ಬಾಡುತ್ತದೆ. ನನಗೆ ಸಂತೋಷವಾಗುತ್ತದೆ. ಯಾರೋ ಒಬ್ಬರು ನಿಮ್ಮ ಕಡತ ತೆರೆದು ಕಣ್ಣಿಟ್ಟು ನೋಡಿದ್ದಾರೆ, ತಿದ್ದಿಕೊಳ್ಳಲು ಅವಕಾಶವನ್ನೂ ಕೊಟ್ಟಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ಬರುವುದು ಹೆಸರಿನ ತಕರಾರು. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಮುಂದೆ, ಪದವಿಯಲ್ಲಿ ಹಿಂದೆ, ಆಧಾರಿನಲ್ಲಿ ತಂದೆಯ ಪೂರ್ತಿ ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ಇರುವಂತೆಯೇ ಅರ್ಜಿ ತುಂಬಿ. ಈ ಹೆಸರುಗಳೆಲ್ಲ ಒಬ್ಬರದೇ ಎಂದು ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.

ಉತ್ತರ ಬರೆಯುವ ರೀತಿಗೂ ತೂಕವಿದೆ. ಇಮೇಲಿನ ವಿಷಯದ ಸಾಲಿನಲ್ಲಿ ಅರ್ಜಿ ಸಂಖ್ಯೆ ಇರಲಿ. ಒಳಗೆ, ನೀವು ಕೇಳಿದ್ದು ಇದು, ಲಗತ್ತಿಸಿದ್ದು ಇದು, ತಲುಪಿದ್ದನ್ನು ದಯವಿಟ್ಟು ತಿಳಿಸಿ. ಇಷ್ಟೇ. ಮನೆಯ ಕಷ್ಟ, ಬಾಲ್ಯದ ಕನಸು ಆ ಮೇಲಿನಲ್ಲಿ ಬೇಡ. ಓದುವವರು ಒಬ್ಬ ಗುಮಾಸ್ತರೋ ಸಹಾಯಕರೋ ಆಗಿರುತ್ತಾರೆ, ಅವರ ಮುಂದೆ ದೊಡ್ಡ ಪಟ್ಟಿಯೇ ಇರುತ್ತದೆ. ಅವರ ಕೆಲಸ ಹಗುರ ಮಾಡಿದವರ ಕಡತ ಬೇಗ ಮುಂದೆ ಹೋಗುತ್ತದೆ. ಲಗತ್ತಿಸುವ ಫೈಲಿನ ಹೆಸರು ‘ಸ್ಕ್ಯಾನ್ 0034’ ಎಂದಿರದೆ, ನಿಮ್ಮ ಹೆಸರು ಮತ್ತು ದಾಖಲೆಯ ಹೆಸರು ಇರಲಿ.

6. ಮೌನದ ತಿಂಗಳುಗಳು

ಐಐಎಂ ಪ್ರವೇಶಕ್ಕೆ ಬರೆಯುವ ಕ್ಯಾಟ್ ಪರೀಕ್ಷೆ ನವೆಂಬರ್ ಕೊನೆಯಲ್ಲಿ. ಫಲಿತಾಂಶ ಡಿಸೆಂಬರ್ ಕೊನೆಗೋ ಜನವರಿಗೋ. ಆಮೇಲೆ ಪ್ರತಿ ಐಐಎಂ ತನ್ನದೇ ಪಟ್ಟಿ ಮಾಡುತ್ತದೆ, ಹೊಸ ಐಐಎಂಗಳಲ್ಲಿ ಹಲವು ಸೇರಿ ಒಟ್ಟಿಗೆ ಸಂದರ್ಶನ ನಡೆಸುತ್ತವೆ. ಕೊನೆಯ ಉತ್ತರ ಬರುವುದು ಏಪ್ರಿಲ್, ಮೇ ಹೊತ್ತಿಗೆ. ಗೆಳೆಯನಿಗೆ ಬಂತು, ನನಗೆ ಬರಲಿಲ್ಲ ಎಂದು ಅದೇ ದಿನ ಕುಗ್ಗಬೇಡಿ. ಬೆಂಗಳೂರಿನ ಐಐಎಂ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಇನ್ನೊಂದರ ಲೆಕ್ಕ ಬೇರೆ. ಮಾನದಂಡವನ್ನು ಅವರವರೇ ಪ್ರಕಟಿಸುತ್ತಾರೆ, ತೆರೆದು ಓದಿದರೆ ಎಲ್ಲಿ ನಿರೀಕ್ಷೆ ಇಡಬಹುದೆಂದು ಮೊದಲೇ ತಿಳಿಯುತ್ತದೆ. ಅವರು ಹೇಳಿದ ದಿನಾಂಕ ದಾಟುವವರೆಗೆ ವಿಚಾರಿಸಬೇಡಿ. ದಾಟಿದ ಮೇಲೆ ಒಂದು ಸಲ ವಿಚಾರಿಸಿ.

7. ಇಂಟರ್‌ವ್ಯೂಗೆ ಹೊರಡುವ ಮೊದಲು ಸ್ವಂತ ಊರು ನೋಡಿ ಬನ್ನಿ

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಪ್ರಾಧ್ಯಾಪಕರ ಎದುರು ಕೂರುವ ಹುಡುಗ ‘ಎಂಬಿಎ ಏಕೆ’ ಎಂಬುದಕ್ಕೆ ಬಾಯಿಪಾಠ ಮಾಡಿಕೊಂಡಿರುತ್ತಾನೆ. ಅವರು ಕೇಳುವುದು, ‘ನೀವು ಹೊಸಪೇಟೆಯವರಾ? ತುಂಗಭದ್ರಾ ಗೇಟು ಹೋದದ್ದು ಹೇಗೆ?’

ಸಂಡೂರಿನ ಹುಡುಗನೊಬ್ಬನಿಗೆ ನಾನು ಅಭ್ಯಾಸಕ್ಕೆಂದು ಪ್ರಶ್ನೆ ಕೇಳುತ್ತಿದ್ದೆ. ಪುಸ್ತಕದ ಇಂಗ್ಲಿಷಿನಲ್ಲಿ ಸ್ಪರ್ಧಾ ತಂತ್ರಗಳ ಬಗ್ಗೆ ಹೇಳುತ್ತಾ ಹೋದ, ಕಣ್ಣಲ್ಲಿ ಏನೂ ಇರಲಿಲ್ಲ. ‘ನಿಮ್ಮ ತಂದೆ ಏನು ಮಾಡ್ತಾರಪ್ಪ?’ ಎಂದೆ. ‘ಟಿಪ್ಪರ್ ಇತ್ತು ಸರ್.’ ‘ಇತ್ತು ಅಂದ್ರೆ?’ ಅಲ್ಲಿಂದ ಮಾತು ಹೊರಳಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅವನು ಚಿಕ್ಕವನು. ರಸ್ತೆಬದಿಯಲ್ಲಿ ಸಾಲಾಗಿ ನಿಂತ ಲಾರಿಗಳು, ಕಂತು ಕಟ್ಟಲಾಗದೆ ಫೈನಾನ್ಸಿನವರು ಒಯ್ದ ಟಿಪ್ಪರ್, ಮುಚ್ಚಿದ ಗ್ಯಾರೇಜು, ಗಿರಾಕಿ ಇಲ್ಲದ ಖಾನಾವಳಿ. ಜೊತೆಗೇ, ಕೆಂಪು ಧೂಳು ಕಡಿಮೆಯಾಗಿ ಅಜ್ಜಿಯ ಕೆಮ್ಮು ಇಳಿದದ್ದನ್ನೂ ಹೇಳಿದ. ಎರಡೂ ಒಂದೇ ಮನೆಯಲ್ಲಿ ನಡೆದದ್ದು. ವ್ಯಾಪಾರ ಮತ್ತು ಪರಿಸರದ ಸಂಬಂಧದ ಬಗ್ಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ಕೋಚಿಂಗಿನಲ್ಲೂ ಸಿಗುವುದಿಲ್ಲ.

ಆಮೇಲೆ ಅದಕ್ಕೆ ಅಂಕಿ, ಕಾರಣ ಸೇರಿಸಿಕೊಳ್ಳುವುದು ಅವನ ಕೆಲಸವಾಯಿತು. ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದ್ದು, ಅದಿರನ್ನು ಇ-ಹರಾಜಿನಲ್ಲೇ ಮಾರಬೇಕೆಂಬ ಕಟ್ಟುಪಾಡು, 2022ರ ಮೇ ತಿಂಗಳಲ್ಲಿ ಕೋರ್ಟು ಅದನ್ನು ಸಡಿಲಿಸಿದ್ದು. ಹೊಸಪೇಟೆಯವರಿಗೆ ತುಂಗಭದ್ರಾ ಅಣೆಕಟ್ಟೆಯೇ ಪಾಠ. 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು, ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದರು. ನಿರ್ವಹಣೆಗೆ ವರ್ಷ ವರ್ಷ ಹಾಕುವ ಹಣ, ಒಮ್ಮೆಲೇ ಆಗುವ ನಷ್ಟ, ಮೂರು ರಾಜ್ಯಗಳ ಹೊಂದಾಣಿಕೆ, ಎಲ್ಲ ಅದರಲ್ಲೇ ಇದೆ. ಕಂಪ್ಲಿಯವರು ನೀರು ಹೆಚ್ಚು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗಿ ಭತ್ತದ ಸಾಗಣೆ ಸುತ್ತಿ ಹೋಗುವುದನ್ನು ಕಣ್ಣಾರೆ ಕಂಡವರು. ಹಂಪಿ 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಅಲ್ಲಿನ ಕಲ್ಲಿನ ರಥ 50 ರೂಪಾಯಿ ನೋಟಿನ ಮೇಲಿದೆ. ಸ್ಮಾರಕಗಳ ಪಕ್ಕದಲ್ಲೇ ಅಂಗಡಿ ಇಟ್ಟವರ ಬದುಕಿಗೂ ಅವುಗಳ ರಕ್ಷಣೆಗೂ ನಡುವಿನ ಜಗ್ಗಾಟವನ್ನು ಹಂಪಿಯ ಹುಡುಗಿಯಷ್ಟು ಚೆನ್ನಾಗಿ ಯಾರು ಹೇಳಬಲ್ಲರು?

ಇಂಗ್ಲಿಷು ತೊದಲಿದರೆ ತೊದಲಲಿ. ವಾಕ್ಯ ಚಿಕ್ಕದಿರಲಿ. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳುವುದು ತಪ್ಪಲ್ಲ. ಆನ್‌ಲೈನ್ ಸಂದರ್ಶನವಾದರೆ ಕರೆಂಟು, ನೆಟ್‌ವರ್ಕು ಭರವಸೆಯಿರುವ ಕಡೆ ಹಿಂದಿನ ದಿನವೇ ಹೋಗಿ ಕೂತು ನೋಡಿ. ಸಂಡೂರಿನ ಗುಡ್ಡಗಳ ನಡುವೆ ಸಿಗ್ನಲ್ ನಂಬಿ ಕೂರಬೇಡಿ.

8. ವೇಟಿಂಗ್ ಲಿಸ್ಟ್

ವೇಟಿಂಗ್ ಲಿಸ್ಟಿನಲ್ಲಿ ಹೆಸರಿದೆ ಎಂಬುದು ಬರೀ ಸಮಾಧಾನದ ಮಾತಲ್ಲ. ಒಬ್ಬೊಬ್ಬರಿಗೆ ಮೂರು ನಾಲ್ಕು ಕಡೆ ಸೀಟು ಸಿಕ್ಕಿರುತ್ತದೆ, ಅವರು ಒಂದನ್ನು ಹಿಡಿದಾಗ ಉಳಿದವು ಬಿಡುತ್ತವೆ, ಪಟ್ಟಿ ಮೇ, ಜೂನ್ ತನಕ ಚಲಿಸುತ್ತದೆ. ಕರೆ ಬಂದರೆ ಹಣ ಕಟ್ಟಲು ಕೊಡುವ ಸಮಯ ಕಡಿಮೆ. ಆ ದುಡ್ಡು ಎಲ್ಲಿಂದ ಬರುತ್ತದೆಂದು ಮೊದಲೇ ತೀರ್ಮಾನಿಸಿ.

9. ಆಫರ್ ಲೆಟರ್ ಬಂದ ದಿನ ಕೇಳಬೇಕಾದ್ದು

ಸಂಭ್ರಮದ ದಿನ, ಸಿಹಿ ಹಂಚಿ. ಮರುದಿನ ಪತ್ರವನ್ನು ಸಾಲು ಸಾಲಾಗಿ ಓದಿ. ಕೊನೆಯ ಸೆಮಿಸ್ಟರ್ ಫಲಿತಾಂಶ ಬಾಕಿಯಿದ್ದರೆ ಪ್ರವೇಶ ತಾತ್ಕಾಲಿಕ. ಅಂಕಪಟ್ಟಿ ಯಾವ ದಿನದೊಳಗೆ ಕೊಡಬೇಕು, ಫಲಿತಾಂಶ ತಡವಾದರೆ ಪ್ರಾಂಶುಪಾಲರ ಪತ್ರ ಒಪ್ಪುತ್ತಾರೆಯೇ ಎಂದು ಬರೆದು ಕೇಳಿ. ಎಂಬಿಎಗೆ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲಾತಿಯವರಿಗೆ ಶೇ 45 ಅಂಕ ಬೇಕೆಂಬುದು ಗಮನದಲ್ಲಿರಲಿ.

ಶಿಕ್ಷಣ ಸಾಲ ಬೇಕಾದವರು ಅದೇ ದಿನ ಪ್ರವೇಶ ವಿಭಾಗಕ್ಕೆ ಬರೆಯಿರಿ. ವರ್ಷವಾರು ಶುಲ್ಕ, ಹಾಸ್ಟೆಲು, ಊಟ, ಪುಸ್ತಕದ ವಿವರವಿರುವ ಪತ್ರ ಸಂಸ್ಥೆಯ ಮೊಹರಿನೊಂದಿಗೆ ಬೇಕು. ಬ್ಯಾಂಕ್ ಮ್ಯಾನೇಜರು ಮೊದಲು ಕೇಳುವುದೇ ಅದನ್ನು. ಅದಿಲ್ಲದೆ ಶಾಖೆಗೆ ಹೋದವರು ತಿರುಗಿ ತಿರುಗಿ ಓಡಾಡುತ್ತಾರೆ, ಅಷ್ಟರಲ್ಲಿ ಮೊದಲ ಕಂತಿನ ದಿನ ಮುಗಿಯುತ್ತದೆ. ಸಾಲ ಮಂಜೂರಾಗುವ ಹಂತದಲ್ಲಿದೆ, ಒಂದು ವಾರ ಕಾಲಾವಕಾಶ ಕೊಡಿ ಎಂದು ಗಡುವಿಗೆ ಮುಂಚೆ ಕೇಳಿದವರಿಗೆ ಕೊಟ್ಟದ್ದನ್ನು ನೋಡಿದ್ದೇನೆ. ಗಡುವು ಮುಗಿದ ಮೇಲೆ ಕೇಳಿದವರಿಗೆ ಕಷ್ಟ.

10. ಇಲ್ಲ ಎಂದರೆ, ಅಥವಾ ನೀವೇ ಬೇಡ ಎಂದರೆ

ನಿರಾಕರಣೆಯ ಮೇಲ್ ಎರಡು ಸಾಲಿನದು, ಕಾರಣ ಬರೆದಿರುವುದಿಲ್ಲ. ಕ್ಯಾಟ್ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ, ಮತ್ತೆ ಬರೆಯಬಹುದು. ತೋರಣಗಲ್ಲಿನಲ್ಲೋ ಬಳ್ಳಾರಿಯ ಕಚೇರಿಯಲ್ಲೋ ಎರಡು ವರ್ಷ ದುಡಿದು ಮತ್ತೆ ಬರೆದು ಹೋದವರಿದ್ದಾರೆ, ಅವರ ಮಾತಿಗೆ ಬಂದ ಗಟ್ಟಿತನ ನನಗೇ ಕಾಣುತ್ತದೆ. ಹೊಸಪೇಟೆಯಲ್ಲೋ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲೋ ಓದಿದರೆ ಕಡಿಮೆಯಾಯಿತೆಂದು ಯಾರೂ ತಿಳಿಯಬೇಕಿಲ್ಲ.

ಇನ್ನು, ಸೇರಿದ ಕಾಲೇಜನ್ನು ಬಿಟ್ಟು ಬೇರೆಡೆ ಹೋಗಬೇಕಾದಾಗ ಅದೇ ಪ್ರವೇಶ ವಿಭಾಗದ ಧ್ವನಿ ಬದಲಾಗುವುದುಂಟು. ‘ಫೀ ವಾಪಸಿಲ್ಲ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಲ್ಲ’ ಎನ್ನುತ್ತಾರೆ. ಎಐಸಿಟಿಇ ನಿಯಮದಂತೆ ತರಗತಿ ಶುರುವಾಗುವ ಮೊದಲು ಸೀಟು ಬಿಟ್ಟರೆ 1000 ರೂಪಾಯಿಗಿಂತ ಹೆಚ್ಚು ಹಿಡಿಯದೆ ಉಳಿದದ್ದನ್ನು ಕೊಡಬೇಕು. ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುವ ಅಧಿಕಾರ ಅವರಿಗಿಲ್ಲ. ಬಾಯಲ್ಲಿ ಜಗಳ ಬೇಡ. ಸೀಟು ಬಿಡುತ್ತಿರುವ ದಿನಾಂಕ ಹಾಕಿ ಪತ್ರ ಬರೆದು ಇಮೇಲಿನಲ್ಲೂ ಕಳಿಸಿ, ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮೊಹರೂ ಹಾಕಿಸಿಕೊಳ್ಳಿ. ಸಂಡೂರಿನ ಒಬ್ಬ ತಂದೆ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದರು. ನಾಲ್ಕನೆಯ ಸಲ ನಿಯಮದ ಪ್ರತಿ ಲಗತ್ತಿಸಿ ಪತ್ರ ಕೊಟ್ಟು ಬಂದರು, ಹಣ ಮಗನ ಖಾತೆಗೆ ಬಂತು. ಅಷ್ಟಕ್ಕೂ ಬಗ್ಗದಿದ್ದರೆ ದೂರು ಕೊಡುವ ವ್ಯವಸ್ಥೆ ಎಐಸಿಟಿಇ ವೆಬ್‌ಸೈಟಿನಲ್ಲೇ ಇದೆ. ದೂರಿನ ಜೊತೆ ಆ ಮೊಹರಿನ ಪ್ರತಿಯನ್ನು ಸೇರಿಸಲು ಮರೆಯಬೇಡಿ.